ಮಂಠಾಳದ ತಗಡಿನ ಟ್ರಂಕು

ಕಳೆದ ತಿಂಗಳು ನಾವು ಬಸವಕಲ್ಯಾಣ ತಾಲ್ಲೂಕಿನ ಮಂಠಾಳಕ್ಕೆ ಹೋದದ್ದು ಪಂಚಾಯಿತಿ ಮಾಡುವುದಕ್ಕಾಗಿ. ಗಂಡ-ಹೆಂಡಿರ ನಡುವಣ ವ್ಯಾಜ್ಯ. ವ್ಯಾಜ್ಯದ ವಸ್ತು ಹೊಲವಲ್ಲ, ಮನೆಯಲ್ಲ, ಬಂಗಾರವೂ ಅಲ್ಲ. ಒಂದು ತಗಡಿನ ಟ್ರಂಕು. ಟ್ರಂಕಿನ ತುಂಬ ಹಳೆಯ ವಿಡಿಯೋ ಕ್ಯಾಸೆಟ್ಟುಗಳು. ಕ್ಯಾಸೆಟ್ಟುಗಳ ತುಂಬ ದೆವ್ವ, ಪಿಶಾಚಿ, ರಕ್ತ, ಚೀತ್ಕಾರ.

ಟ್ರಂಕಿನ ಒಡೆಯ ನಮ್ಮ ದಿವಂಗತ ಗೆಳೆಯರೊಬ್ಬರ ಮಗ. ನಮ್ಮನ್ನು ಇಂದಿಗೂ ‘ಕಾಕಾ’ ಎಂದೇ ಕರೆಯುವವನು. ಮಿಕ್ಸರು, ಮೋಟಾರುಗಳ ರಿಪೇರಿ ಅವನ ಕಸುಬು. 1980ರ ದಶಕದ ಕೊನೆಗೆ, ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ, ಹುಮನಾಬಾದಿನಿಂದ ವಿ.ಸಿ.ಆರ್. ಮತ್ತು ಬಣ್ಣದ ಟೀವಿಯನ್ನು ಬಾಡಿಗೆಗೆ ತಂದು ಮದುವೆ ಮನೆಗಳಲ್ಲಿ ರಾತ್ರಿಯಿಡೀ ಮೂರು ಮೂರು ಚಿತ್ರ ತೋರಿಸುತ್ತಿದ್ದ. ಮೊದಲನೆಯದು ಹಿರಿಯರಿಗಾಗಿ ಭಕ್ತಿಯ ಚಿತ್ರ, ಎರಡನೆಯದು ಹೊಡೆದಾಟದ್ದು, ಹಿರಿಯರು ಕುಳಿತಲ್ಲಿಯೇ ತೂಕಡಿಸತೊಡಗಿದ ಮೇಲೆ ಮೂರನೆಯದು, ರಾಮ್ಸೇ ಸಹೋದರರ ಯಾವುದಾದರೊಂದು ದೆವ್ವದ ಚಿತ್ರ. ಆಗ ಹಿಡಿದ ಹುಚ್ಚು ಅವನನ್ನು ಬಿಟ್ಟಿಲ್ಲ.

ಅವನ ಹೆಂಡತಿ ದೈವಭಕ್ತೆ, ಮನೆಯನ್ನು ತೂಗಿಸಿಕೊಂಡು ಬಂದ ಗಟ್ಟಿಗಿತ್ತಿ. ಧ್ಯಾನಕೂಟವೊಂದರಲ್ಲಿ ಪ್ರಬೋಧಕರೊಬ್ಬರು, ಇಂಥ ವಸ್ತುಗಳು ಮನೆಯಲ್ಲಿದ್ದರೆ ಕೆಡುಕಿಗೆ ಬಾಗಿಲು ತೆರೆದಂತೆ ಎಂದು ಹೇಳಿದರಂತೆ. ಅದೇ ವರ್ಷ ಮಗಳಿಗೆ ಬಂದ ಎರಡು ಸಂಬಂಧಗಳು ಮುರಿದುಬಿದ್ದವು. ತಾಯಿಯ ಮನಸ್ಸಿನಲ್ಲಿ ಇವೆರಡೂ ಒಂದಕ್ಕೊಂದು ಗಂಟು ಹಾಕಿಕೊಂಡವು. ಪಾಸ್ಖ ಹಬ್ಬದೊಳಗೆ ಟ್ರಂಕು ಸುಟ್ಟು ಬೂದಿಯಾಗಬೇಕು ಎಂಬುದು ಆಕೆಯ ಹಟ. “ಮೋಡ್ಕಾದವಗ ಸುದಾ ಕೊಡೂದಿಲ್ಲ ಕಾಕಾ, ಇನ್ನೊಬ್ಬರ ಮನಿಗಿ ಹೋಗೂದು ಬ್ಯಾಡ,” ಎಂದರು. ಆಕೆಯ ಭಯವನ್ನು ನಾವು ಹಗುರವಾಗಿ ಕಾಣಲಿಲ್ಲ. ವಾಚಕರೂ ಕಾಣಬಾರದು.

ನಾವೇ ಹಿಂದೊಮ್ಮೆ ಇದೇ ಅಂಕಣದಲ್ಲಿ ಭಯಾನಕ ಚಿತ್ರಗಳನ್ನು ‘ಮನಸ್ಸಿನ ಮೋರಿ’ ಎಂದು ಕರೆದಿದ್ದೆವು. ಅಂಥ ಒಂದು ಚಿತ್ರವನ್ನಾದರೂ ಪೂರ್ತಿಯಾಗಿ ನೋಡದೆಯೇ ಬರೆದ ಮಾತದು ಎಂದು ಈಗ ಒಪ್ಪಿಕೊಳ್ಳಬೇಕಾಗಿದೆ. ಆ ರಾತ್ರಿ ಮಂಠಾಳದಲ್ಲಿ ತಂಗಿದಾಗ ಅವನು ‘ಪುರಾನಾ ಮಂದಿರ್’ (1984) ಹಾಕಿದ. ಟೇಪಿಗೆ ಬೂಷ್ಟು ಹಿಡಿದಿತ್ತು. ಚಿತ್ರ ಅರ್ಧ ಹಿಮದಲ್ಲಿ ಮುಳುಗಿದಂತಿತ್ತು. ನಾವು ಕೊನೆಯವರೆಗೆ ಕುಳಿತೆವು.

ಕಥೆ ಇಷ್ಟು. ಸಾಮ್ರಿ ಎಂಬ ದುಷ್ಟನನ್ನು ಹಿಂದೆ ರಾಜನೊಬ್ಬ ತಲೆ ಕಡಿಸಿ ಕೊಲ್ಲಿಸುತ್ತಾನೆ. ಸಾಯುವ ಮುನ್ನ ಸಾಮ್ರಿ ಕೊಟ್ಟ ಶಾಪದಿಂದ ಆ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುತ್ತಾರೆ. ಗಂಡಸರ ಲೆಕ್ಕ, ಹೆಣ್ಣುಮಕ್ಕಳ ತೆರಿಗೆ! ವಂಶದ ಠಾಕೂರ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗಳ ಪ್ರೇಮಕ್ಕೆ ಅಡ್ಡ ನಿಲ್ಲುತ್ತಾನೆ. ಮುಂಬಯಿಯ ವಿಮರ್ಶಕರು ಇದನ್ನು ಕಂಡು ನಕ್ಕಿರಬಹುದು. ಆದರೆ 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಜನಕ್ಕೆ ಪಾಳುಬಿದ್ದ ವಾಡೆ ಎಂದರೇನು, ಅದರ ಮುಚ್ಚಿದ ಕೋಣೆಗಳ ಬಗ್ಗೆ ಅಜ್ಜಿಯಂದಿರು ಪಿಸುಗುಟ್ಟುವುದೇನು ಎಂಬುದು ಗೊತ್ತು. ದೊಡ್ಡವರ ಪಾಪ ಮನೆಯ ಗೋಡೆಯಲ್ಲಿಯೇ ಹುದುಗಿ ಕುಳಿತಿರುತ್ತದೆ ಎಂಬ ಮಾತನ್ನು ನಮ್ಮ ಸಭ್ಯ ಚಿತ್ರಗಳು ಹೀಗೆ ಮುಖಕ್ಕೆ ರಾಚುವಂತೆ ಹೇಳಿದ್ದು ಕಡಿಮೆ.

ರಾಮ್ಸೇ ಸಹೋದರರ ಚರಿತ್ರೆಯನ್ನು ಅವನು ನಮಗೆ ಭಕ್ತನೊಬ್ಬ ಸಂತರ ಚರಿತ್ರೆ ಹೇಳುವಂತೆ ಹೇಳಿದ. ತಂದೆ ಎಫ್. ಯು. ರಾಮ್ಸೇ ಸಿಂಧಿಗಳು, ದೇಶ ವಿಭಜನೆಯ ಕಾಲಕ್ಕೆ ಕರಾಚಿಯಿಂದ ಮುಂಬಯಿಗೆ ಬಂದವರು, ರೇಡಿಯೋ ವ್ಯಾಪಾರ ಮಾಡಿಕೊಂಡಿದ್ದವರು. ರಾಮಸಿಂಘಾನಿ ಎಂಬ ಮನೆತನದ ಹೆಸರೇ ರಾಮ್ಸೇ ಆಯಿತು. 1970ರಲ್ಲಿ ಅವರು ತೆಗೆದ ‘ಏಕ್ ನನ್ಹೀ ಮುನ್ನೀ ಲಡಕೀ ಥೀ’ ನೆಲಕಚ್ಚಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರರು ಭಯಂಕರ ಮುಖವಾಡ ಧರಿಸಿ ಬರುವ ಒಂದು ದೃಶ್ಯಕ್ಕಾಗಿಯೇ ಜನ ಮತ್ತೆ ಮತ್ತೆ ಬರುತ್ತಿರುವುದನ್ನು ಗಂಡುಮಕ್ಕಳು ಗಮನಿಸಿದರು. ಏಳು ಜನ ಅಣ್ಣತಮ್ಮಂದಿರು: ಕುಮಾರ್ ಬರೆದರು, ಗಂಗು ಕ್ಯಾಮೆರಾ ಹಿಡಿದರು, ಕಿರಣ್ ಧ್ವನಿ ನೋಡಿಕೊಂಡರು, ಅರ್ಜುನ್ ಸಂಕಲನ ಮಾಡಿದರು, ತುಳಸಿ ಮತ್ತು ಶ್ಯಾಮ್ ನಿರ್ದೇಶಿಸಿದರು, ಕೇಶು ಉಳಿದುದಕ್ಕೆಲ್ಲ ಹೆಗಲು ಕೊಟ್ಟರು. ‘ದೋ ಗಜ್ ಜಮೀನ್ ಕೇ ನೀಚೇ’ (1972) ಚಿತ್ರಕ್ಕಾಗಿ ಇಡೀ ತಂಡ ಮಹಾಬಳೇಶ್ವರಕ್ಕೆ ಹೋಗಿ ಬೀಡುಬಿಟ್ಟಿತು. ಮನೆಯ ಹೆಂಗಸರೇ ಅಡಿಗೆ ಮಾಡಿದರು. ಇದು ಒಕ್ಕಲುತನದ ರೀತಿ ಅಲ್ಲವೇ? ಮನೆಮಂದಿಯೆಲ್ಲ ಹೊಲಕ್ಕಿಳಿದು ರಾಶಿ ಮಾಡಿದಂತೆ. ‘ವೀರಾನಾ’ (1988), ‘ಬಂದ್ ದರ್ವಾಜಾ’ (1990), ಆಮೇಲೆ 1993ರಲ್ಲಿ ಆರಂಭವಾದ ‘ಜೀ ಹಾರರ್ ಶೋ’ ಎಲ್ಲವೂ ಈ ಮನೆತನದ ಬೆಳೆ. ತುಳಸಿ 2018ರಲ್ಲಿ, ಶ್ಯಾಮ್ 2019ರಲ್ಲಿ ತೀರಿಕೊಂಡರು. ಶ್ಯಾಮ್ ಸತ್ತ ಸುದ್ದಿ ಕೇಳಿದ ದಿನ ನಮ್ಮ ಮಿತ್ರನು ಅಂಗಡಿ ತೆರೆಯಲಿಲ್ಲವಂತೆ. ಹೆಂಡತಿಯ ದೂರುಗಳ ಪಟ್ಟಿಯಲ್ಲಿ ಅದೂ ಒಂದು.

ಹೆದರುವುದರಲ್ಲಿ ಎಂಥ ಸುಖ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೋಳದ ಕಣಿಕೆ ಬಣವೆಗಳ ನಡುವಿನ ಅಂಗಳದಲ್ಲಿ ಎಪ್ಪತ್ತು ಎಂಬತ್ತು ಮಂದಿ ಒಬ್ಬರಿಗೊಬ್ಬರು ಒತ್ತಿ ಕುಳಿತ ರಾತ್ರಿಗಳ ಬಗ್ಗೆ ಹೇಳಿದ. ಯಾವ ಜಾತಿಯವನು ಯಾರ ತೋಳು ಹಿಡಿದ ಎಂಬುದು ಸಾಮ್ರಿ ಬಂದಾಗ ಯಾರಿಗೂ ನೆನಪಿರುತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಹುಣಸೆ ಮರ ದಾಟುವಾಗ ಎಲ್ಲರೂ ಕೈ ಕೈ ಹಿಡಿದು ಹೋಗುತ್ತಿದ್ದರು. ಇನ್ನೊಂದು ಮಾತು ಹೇಳಿದ: “ಈ ಪಿಚ್ಚರ್‌ನಾಗ ಕೈಕೆಲಸ ಕಾಣತದ ಕಾಕಾ.” ದೆವ್ವದ ಮುಖದ ರಬ್ಬರು ಎಲ್ಲಿ ಮುಗಿಯುತ್ತದೆ, ಮಂಜಿನ ಹೊಗೆ ಎಲ್ಲಿಂದ ಬರುತ್ತದೆ ಎಂದೆಲ್ಲ ಅವನು ತೋರಿಸುತ್ತ ಹೋದ. ಮೋಟಾರು ಬಿಚ್ಚಿ ಕಟ್ಟುವವನಿಗೆ ಇನ್ನೊಬ್ಬನ ಕಸುಬಿನ ಮೇಲೆ ಹುಟ್ಟುವ ಗೌರವ ಅದು. ನೂರಾರು ಕೋಟಿ ಸುರಿದು ಮಾಡಿದ ಇಂದಿನ ಚಿತ್ರಗಳಲ್ಲಿ ಅವನಿಗೆ ಹಿಡಿದುಕೊಳ್ಳಲು ಹೊಲಿಗೆಯೇ ಸಿಗುವುದಿಲ್ಲವಂತೆ.

ಇನ್ನು ನಮ್ಮ ಧರ್ಮಸಭೆಯ ಮಾತು. ಚಲನಚಿತ್ರದ ಕುರಿತು ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು 1936ರಲ್ಲಿಯೇ ವಿಶ್ವಪತ್ರ ಬರೆದು ಎಚ್ಚರಿಸಿದ್ದುಂಟು. ಆದರೆ ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ನಿನ ಸಮಾಜ ಸಂಪರ್ಕ ಮಾಧ್ಯಮಗಳ ಮಂಡಳಿ 45 ಶ್ರೇಷ್ಠ ಚಿತ್ರಗಳ ಪಟ್ಟಿ ಪ್ರಕಟಿಸಿತು. ಕಲೆಯ ವಿಭಾಗದಲ್ಲಿ ಮುರ್ನಾವ್ ಎಂಬ ಜರ್ಮನ್ ನಿರ್ದೇಶಕನ ‘ನೊಸ್ಫೆರಾಟು’ (1922) ಇದೆ. ಅದು ರಕ್ತ ಹೀರುವ ಪಿಶಾಚಿಯ ಚಿತ್ರ! ಬ್ರ್ಯಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಎತ್ತಿಕೊಂಡದ್ದಕ್ಕಾಗಿ ಲೇಖಕನ ವಿಧವೆ ದಾವೆ ಹೂಡಿದರು. ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು 1925ರಲ್ಲಿ ಜರ್ಮನಿಯ ನ್ಯಾಯಾಲಯ ಆಜ್ಞೆ ಮಾಡಿತು. ಎಲ್ಲೋ ಯಾರ ಬಳಿಯೋ ಕೆಲವು ಪ್ರತಿಗಳು ಉಳಿದುಕೊಂಡವು. ಉಳಿಯದೆ ಹೋಗಿದ್ದರೆ ವ್ಯಾಟಿಕನ್ನಿನ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗುತ್ತಿತ್ತು. ಸುಡುವ ಮಾತು ಬಂದಾಗ ನಮಗೆ ಮೊದಲು ನೆನಪಾದದ್ದು ಇದು. ಎರಡನೆಯದಾಗಿ ನೆನಪಾದದ್ದು ‘ಸತಿ ಸುಲೋಚನಾ’. ಕನ್ನಡದ ಮೊದಲ ವಾಕ್ಚಿತ್ರ, 1934ರದು. ಇಂದು ಅದರ ಪ್ರತಿಯೇ ಇಲ್ಲ. ಅದು ಭಕ್ತಿಯ ಕಥೆಯೇ ಆಗಿತ್ತು. ಭಕ್ತಿ ಅದನ್ನು ಉಳಿಸಲಿಲ್ಲ. ಉಳಿಸುವುದಕ್ಕೆ ಯಾರಾದರೊಬ್ಬರು ಟ್ರಂಕು ಇಟ್ಟುಕೊಂಡಿರಬೇಕಾಗುತ್ತದೆ.

‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರದ ಹೆಸರು ಕೇಳಿದರೆ ನಮ್ಮಲ್ಲಿ ಹಲವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಆದರೆ ಅದರ ಕಥೆ ಬರೆದ ವಿಲಿಯಂ ಪೀಟರ್ ಬ್ಲ್ಯಾಟಿ ಯೇಸುಸಭೆಯ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದಿದ ಕಥೋಲಿಕರು. ಯೇಸುಸಭೆಯ ಗುರುಗಳಾಗಿದ್ದ ವಿಲಿಯಂ ಓಮ್ಯಾಲಿ ಮತ್ತು ಥಾಮಸ್ ಬರ್ಮಿಂಗ್‌ಹ್ಯಾಮ್ ಅದರಲ್ಲಿ ಪಾತ್ರ ವಹಿಸಿದ್ದಾರೆ. ನಾವು ಮೆಚ್ಚುವುದು ಬೇರೊಂದನ್ನು. ಆ ಚಿತ್ರದಲ್ಲಿ ಕಾಯಿಲೆಯ ಹುಡುಗಿಯನ್ನು ಮೊದಲು ಕರೆದೊಯ್ಯುವುದು ವೈದ್ಯರ ಬಳಿಗೆ. ಆಕೆಯನ್ನು ನೋಡಲು ಬರುವ ಕಿರಿಯ ಗುರು ಸ್ವತಃ ಮನೋವೈದ್ಯ, ತಟ್ಟನೆ ನಂಬುವವನಲ್ಲ. ಧರ್ಮಸಭೆಯ ನಿಯಮವೂ ಹಾಗೆಯೇ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾರೂ ಪಿಶಾಚೋಚ್ಚಾಟನೆ ಮಾಡುವಂತಿಲ್ಲವೆಂದು ಕಾನೂನು ಸಂಹಿತೆಯ 1172ನೆಯ ವಿಧಿ ಹೇಳುತ್ತದೆ.

ಇಲ್ಲಿಯೇ ನಮ್ಮ ನಿಜವಾದ ಆತಂಕವಿರುವುದು. ನಮ್ಮ ಹಳ್ಳಿಗಳಲ್ಲಿ ಚಿತ್ತಸ್ವಾಸ್ಥ್ಯ ಕೆಟ್ಟ ಹೆಣ್ಣುಮಗಳಿಗೆ ‘ಗಾಳಿ ಸೋಕಿದೆ’ ಎಂದು ಹೇಳಿ ಬೇವಿನ ಬರಲಿನಿಂದ ಬಾರಿಸುವುದು, ಖಾರದ ಹೊಗೆ ಹಾಕುವುದು ನಡೆದುಬಂದಿದೆ. 2017ರಲ್ಲಿ ರಾಜ್ಯ ಇದರ ವಿರುದ್ಧ ಕಾಯಿದೆಯನ್ನೇ ತರಬೇಕಾಯಿತು. ದೆವ್ವದ ಚಿತ್ರಗಳು ಈ ಬೆಂಕಿಗೆ ಎಣ್ಣೆ ಹಾಕುತ್ತವೆಯೇ? ಕೆಲವು ಹಾಕುತ್ತವೆ, ಅಲ್ಲವೆಂದರೆ ಸುಳ್ಳಾದೀತು. ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ (1979) ಕನ್ನಡಿಗರನ್ನು ಬೆಚ್ಚಿಬೀಳಿಸಿದ ಚಿತ್ರ. ಅದರಲ್ಲಿ ಪ್ರೇತ ನಿಜವಾಗಿಯೂ ಪ್ರೇತವೇ. ಆದರೆ ಅಲ್ಲಿ ಪ್ರೇತ ಹಿಡಿಯುವುದು ಗಂಡಸನ್ನು ಎಂಬುದು ಗಮನಾರ್ಹ. ‘ಆಪ್ತಮಿತ್ರ’ (2004) ಬಂದಾಗ ವಿಷ್ಣುವರ್ಧನ್ ಮನೋವೈದ್ಯರಾಗಿ ಬಂದು, ನಾಗವಲ್ಲಿ ಎಂಬುದು ಕಾಯಿಲೆ ಎಂದರು. ಅದು ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದ ರೂಪಾಂತರವೆಂಬುದು ಎಲ್ಲರೂ ಬಲ್ಲ ಸಂಗತಿ. ಕಾಯಿದೆ ಹೇಳಿದರೆ ಕೇಳದ ಎಷ್ಟೋ ಮನೆಗಳಲ್ಲಿ ಈ ಮಾತು ಕಿವಿಗೆ ಬಿದ್ದಿರಬಹುದು.

ಒಂದು ವಿಷಯದಲ್ಲಿ ಮಾತ್ರ ನಾವು ನಮ್ಮ ಹಳೆಯ ನಿಲುವಿನಿಂದ ಕದಲಿಲ್ಲ. ಹೆಣ್ಣಿನ ಮೈಯನ್ನು ತೋರಿಸಿ, ಅದನ್ನೇ ಹಿಂಸಿಸಿ ಕಾಸು ಮಾಡುವ ಚಿತ್ರಗಳು ಈ ಜಾತಿಯಲ್ಲಿ ಧಾರಾಳವಾಗಿವೆ. ದೆವ್ವಕ್ಕೂ ಕಥೆಗೂ ಸಂಬಂಧವಿಲ್ಲದ ಸ್ನಾನದ ದೃಶ್ಯ ರಾಮ್ಸೇ ಚಿತ್ರಗಳಲ್ಲಿಯೂ ಉಂಟು. ಅವರ ಹಿಂದೆ ಬಂದ ಅಗ್ಗದ ನಿರ್ಮಾಪಕರಲ್ಲಿ ಅದೇ ಬಂಡವಾಳವಾಯಿತು. ಈ ಬಗೆಯ ನಿರ್ದೇಶಕರ ಕುರಿತು 2023ರಲ್ಲಿ ‘ಸಿನಿಮಾ ಮರ್ತೇ ದಮ್ ತಕ್’ ಎಂಬ ಸಾಕ್ಷ್ಯಚಿತ್ರ ಮಾಲಿಕೆ ಬಂತು. ಆ ಜನರ ಶ್ರಮ, ಹಸಿವು, ಹಾಸ್ಯ ಎಲ್ಲವೂ ಮನಮುಟ್ಟುತ್ತವೆ. ಆದರೂ ಆ ದೃಶ್ಯಗಳಲ್ಲಿ ನಿಂತ ಹೆಣ್ಣುಮಕ್ಕಳಿಗೆ ಎಷ್ಟು ಕೂಲಿ ಸಿಕ್ಕಿತು, ಊರಿಗೆ ಮರಳಿದಾಗ ಅವರನ್ನು ಯಾರು ಒಳಗೆ ಕರೆದರು ಎಂಬ ಪ್ರಶ್ನೆಯನ್ನು ಅಭಿಮಾನಿಗಳು ಕೇಳಿಕೊಳ್ಳುವುದಿಲ್ಲ. ‘ಕಾಲದ ರುಚಿ’ ಎಂಬ ಸಮಜಾಯಿಷಿ ನಮಗೆ ಒಪ್ಪಿತವಲ್ಲ. ಇದನ್ನು ನಾವು ಟ್ರಂಕಿನ ಒಡೆಯನಿಗೆ ನೇರವಾಗಿಯೇ ಕೇಳಿದೆವು. ಅವನು ಕಣ್ಣು ತಪ್ಪಿಸಿದ. ಹೆಂಗಸರು ಕುಳಿತಿದ್ದಾಗ ಟೇಪನ್ನು ಮುಂದಕ್ಕೆ ಓಡಿಸುತ್ತಿದ್ದೆ ಎಂದ. “ಮತ್ತೆ ಗಂಡಸರು ಮಾತ್ರ ಇದ್ದಾಗ?” ಎಂದೆವು. ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ಪಂಚಾಯಿತಿ ಕೂಡಿತು. ಸಂಬಂಧ ಮುರಿದದ್ದು ವರದಕ್ಷಿಣೆಯ ಮಾತಿನಿಂದ, ಸಾಮ್ರಿಯಿಂದಲ್ಲ ಎಂದು ಮಗಳೇ ತಾಯಿಗೆ ಹೇಳಿದಳು. ನಾವು ಹೇಳಬೇಕೆಂದಿದ್ದ ಅರ್ಧ ಮಾತು ಅಲ್ಲಿಗೆ ಮುಗಿಯಿತು. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ಟ್ರಂಕು ಮಲಗುವ ಕೋಣೆಯಿಂದ ಅಂಗಡಿಗೆ ಹೋಗಬೇಕು, ಅದರೊಳಗಿನ ನಾಲ್ಕು ಕ್ಯಾಸೆಟ್ಟು ಯಾವುವೆಂದು ಗಂಡನಿಗೇ ಗೊತ್ತು, ಅವು ಮಾತ್ರ ಒಲೆಗೆ ಹೋಗಬೇಕು ಎಂದರು. ಅವನು ತಾನಾಗಿಯೇ ಆರನ್ನು ತೆಗೆದು ಹೊರಗಿಟ್ಟ. ಮಿಕ್ಕವನ್ನು ಬೂಷ್ಟು ಒರೆಸಿ ಹೊಸ ಪ್ರತಿ ಮಾಡಿಸುವ ಅಂಗಡಿ ಹೈದರಾಬಾದಿನಲ್ಲಿ ಸಿಕ್ಕೀತೇ ಎಂದು ಮಗಳು ತನ್ನ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ನಮ್ಮ ಬಸವಕಲ್ಯಾಣದ ಬಸ್ಸು ಬಂತು.