ಕ್ಲಿಪ್ಪಿನ ನೋವಿಗೆ ಲೇಸರ್: ಬಸ್ಸಿನ ದಾರಿಯೂ ಲೆಕ್ಕಕ್ಕೆ ಬರಲಿ

ತಿ. ನರಸೀಪುರ, ನಂಜನಗೂಡು ಕಡೆಯ ಹಳ್ಳಿಗಳಿಂದ ಹಲ್ಲಿಗೆ ಕ್ಲಿಪ್ ಹಾಕಿಸಲು ಮೈಸೂರಿಗೆ ಹೋಗುವ ಮಕ್ಕಳಿಗೆ ನೋವು ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಊರಿಗೆ ಮರಳಿದ ಮೇಲೆ. ತಂತಿ ಬಿಗಿ ಮಾಡಿದಾಗ ಬೇರಿನ ಸುತ್ತಲಿನ ನಾರುಗಳು ಒತ್ತಡಕ್ಕೆ ಸಿಕ್ಕಿ ಊದಿಕೊಳ್ಳುತ್ತವೆ, ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಅಲ್ಲಿ ಸೇರುತ್ತದೆ. ಕೆಲವು ಗಂಟೆಗಳಲ್ಲಿ ಕಾಣಿಸಿಕೊಳ್ಳುವ ನೋವು ಮರುದಿನ ವಿಪರೀತವಾಗಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಮುದ್ದೆಯನ್ನಾದರೂ ಅಗಿಯದೆ ನುಂಗಬಹುದು, ರೊಟ್ಟಿ ಕಚ್ಚಲಾಗದು. ಬೆಳೆಯುವ ಮಕ್ಕಳ ಈ ಸಂಕಟವನ್ನು ‘ಚಂದ ಆಗಬೇಕಾದರೆ ತಡೆದುಕೋ’ ಎಂದು ತಳ್ಳಿಹಾಕುವುದು ತಪ್ಪು.

ಈ ನೋವಿಗೆ ಈಗ ಕಡಿಮೆ ಶಕ್ತಿಯ ಲೇಸರ್ ಪರಿಹಾರವೆಂದು ಕೇಳಿಬರುತ್ತಿದೆ. ಇದು ಕೊಯ್ಯುವುದಿಲ್ಲ, ಸುಡುವುದಿಲ್ಲ. ಒಸಡಿನ ಮೇಲಿಟ್ಟರೆ ಬೆಳಕು ಒಳಗಿಳಿದು ಜೀವಕೋಶಗಳ ಕೆಲಸವನ್ನು ಬದಲಿಸಿ ಊತ ತಗ್ಗಿಸುತ್ತದೆ ಎನ್ನುವುದು ವಿವರಣೆ. 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ಪ್ರಯೋಗ ಮಾಡುವಾಗ, ಬೋಳಿಸಿದ ಕೂದಲು ಬೇಗ ಬೆಳೆದದ್ದನ್ನು ಕಂಡದ್ದು ಇದರ ಮೂಲ. ಔಷಧಿಯಿಲ್ಲದ ಉಪಾಯಗಳ ಕುರಿತ 14 ಪ್ರಯೋಗಗಳನ್ನು 2016ರಲ್ಲಿ ಪರಿಶೀಲಿಸಿದ ಕಾಕ್ರನ್ ಸಂಸ್ಥೆಯ ವಿಮರ್ಶೆ, ಮೊದಲ ಕೆಲವು ದಿನ ಲೇಸರ್ ನೋವು ತಗ್ಗಿಸಬಹುದು, ಆದರೆ ಸಾಕ್ಷ್ಯದ ಗುಣಮಟ್ಟ ಕಡಿಮೆ ಎಂದಿತು. ಬೆಳಕಿನ ಪ್ರಮಾಣ, ಹೊತ್ತು, ಎಷ್ಟು ಸಲ ಎಂಬುದು ಪ್ರಯೋಗದಿಂದ ಪ್ರಯೋಗಕ್ಕೆ ಬೇರೆ.

ನನ್ನ ವಾದ ನಿಂತಿರುವುದು ಈ ‘ಎಷ್ಟು ಸಲ’ದ ಮೇಲೆ. ತಂತಿ ಬಿಗಿ ಮಾಡಿದ ದಿನವೇ ಒಂದು ಸಲ ಹಿಡಿದರೆ ಸಾಕಾಗುವ ಲೇಸರ್ ನಮ್ಮ ಮಕ್ಕಳಿಗೆ ದಕ್ಕುತ್ತದೆ. ಮರುದಿನ, ಮೂರನೆಯ ದಿನ ಮತ್ತೆ ಬರಬೇಕೆಂದರೆ, ನಂಜನಗೂಡಿನಿಂದ ಸುಮಾರು 25, ತಿ. ನರಸೀಪುರದಿಂದ ಸುಮಾರು 30 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಮಗುವಿನ ಶಾಲೆ ತಪ್ಪುತ್ತದೆ, ಜೊತೆಗೆ ಹೋದ ಅಪ್ಪನದೋ ಅಮ್ಮನದೋ ಕೂಲಿ ಹೋಗುತ್ತದೆ. ಹಳ್ಳಿಯವರಿಗೆ ಹೊಸದು ಬೇಡವೆನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಬೇಕು, ಬೇಕಾದದ್ದು ಪಟ್ಟಣದ ಮಗುವಿಗೆ ಸಿಕ್ಕಷ್ಟೇ ಉಪಶಮನ. ಅದನ್ನು ಕೊಡಬಲ್ಲ ಅಗ್ಗದ ದಾರಿಗಳು ಇವೆ. ನೋವಿನ ಮಾತ್ರೆ ಐಬುಪ್ರೊಫೇನ್ ಹಲ್ಲು ಸರಿಯುವುದನ್ನು ನಿಧಾನಗೊಳಿಸೀತೆಂಬ ಅನುಮಾನವಿದೆ, ನಿಜ. ಆದರೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ನೋವು ತಗ್ಗಿಸುವುದರಲ್ಲಿ ಅಂಥ ಮಾತ್ರೆಗಳಿಗಿಂತ ಕಡಿಮೆಯೆಂದು 2017ರ ಇನ್ನೊಂದು ಕಾಕ್ರನ್ ವಿಮರ್ಶೆಗೆ ಕಂಡಿಲ್ಲ. ಕ್ಲಿಪ್ ಹಾಕಿದ ನಂತರ ಕ್ಲಿನಿಕ್ಕಿನಿಂದ ಫೋನ್ ಬಂದವರಲ್ಲಿ ನೋವು, ಆತಂಕ ಎರಡೂ ಕಡಿಮೆಯಿದ್ದವೆಂದು 2005ರಲ್ಲೇ ಒಂದು ಪ್ರಯೋಗ ತೋರಿಸಿದೆ. ಇಷ್ಟನ್ನೂ ಮಾಡದೆ ಲಕ್ಷಗಟ್ಟಲೆಯ ಯಂತ್ರಕ್ಕೆ ಬಿಲ್ಲಿನಲ್ಲಿ ಹೊಸ ಸಾಲು ಸೇರಿಸುವುದು ನ್ಯಾಯವಲ್ಲ.

ಮೈಸೂರಿನ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಂಥ ಕಡೆ ಒಂದೇ ಸಲದ ಲೇಸರನ್ನು, ಬೆಳಕು ಆರಿಸಿಟ್ಟ ಯಂತ್ರದೊಂದಿಗೂ ಮಾತ್ರೆ ಮತ್ತು ಫೋನ್ ಕರೆಯೊಂದಿಗೂ ಹೋಲಿಸಿ ಪರೀಕ್ಷಿಸಬಹುದು. ಈ ಎರಡು ತಾಲ್ಲೂಕುಗಳ ಮಕ್ಕಳನ್ನು ಅದರಲ್ಲಿ ಸೇರಿಸಿಕೊಂಡು, ಅವರ ಪ್ರಯಾಣ ಮತ್ತು ಕೂಲಿಯ ಖರ್ಚನ್ನೂ ಬರೆದಿಡಬೇಕು. ಫಲಿತಾಂಶ ಬರುವವರೆಗೆ ಲೇಸರಿಗೆಂದು ಪ್ರತ್ಯೇಕ ಶುಲ್ಕ ಬೇಡ.