ಮೊದಲು ಪ್ಯಾನೆಲ್ಲಿನ ಬೆನ್ನು ನೋಡಿ

ಮನೆಯ ಮೇಲೆ ಸೋಲಾರ್ ಹಾಕಿಸಲು ಹೊರಟವರೆಲ್ಲರಲ್ಲಿ ಒಂದು ಮನವಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆಯೆಂಬುದು ನಿಮಗೆ ಗೊತ್ತಿರುತ್ತದೆ. ಬೆಲೆಯ ಚೌಕಾಸಿಯೂ ಮುಗಿದಿರುತ್ತದೆ. ಆದರೆ ಪ್ಯಾನೆಲ್‌ಗೂ ಅದರಡಿ ಕೂತು ಡಿಸಿಯನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಮೈಕ್ರೋಇನ್ವರ್ಟರ್‌ಗೂ ಹೊಂದುತ್ತದೆಯೇ ಎಂದು ಕೇಳಿದಿರಾ? ‘ಎಲ್ಲಾ ಸೆಟ್ ಆಗುತ್ತೆ ಸರ್’ ಎಂಬ ಉತ್ತರಕ್ಕೆ ತಲೆಯಾಡಿಸಬೇಡಿ.

ಪ್ಯಾನೆಲ್ಲಿನ ಹಿಂಬದಿಯಲ್ಲಿ ಒಂದು ಲೇಬಲ್ ಇರುತ್ತದೆ. ಅದರಲ್ಲಿ ವಿಒಸಿ (ಏನೂ ಜೋಡಿಸದಿದ್ದಾಗಿನ ವೋಲ್ಟೇಜ್), ಐಎಸ್‌ಸಿ (ಶಾರ್ಟ್ ಸರ್ಕ್ಯೂಟ್ ಕರೆಂಟ್) ಎಂಬ ಎರಡು ಅಂಕಿ ಹುಡುಕಿ. 144 ಹಾಫ್‌ಕಟ್ ಸೆಲ್‌ಗಳ 540 ವ್ಯಾಟ್ ಪ್ಯಾನೆಲ್ಲಾದರೆ ಮೊದಲನೆಯದು ಸುಮಾರು 49.5 ವೋಲ್ಟ್, ಎರಡನೆಯದು 14 ಆಂಪಿಯರ್‌ನ ಆಸುಪಾಸು. ಇವು 25 ಡಿಗ್ರಿಯಲ್ಲಿ ಅಳೆದವು. ಚಳಿ ಹೆಚ್ಚಿದಂತೆ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಹೆಚ್ಚುಕಡಿಮೆ ಶೇ 0.27. ಬೀದರ್‌ನಲ್ಲಿ ಡಿಸೆಂಬರ್ ಬೆಳಗ್ಗೆ 10 ಡಿಗ್ರಿ ಇದ್ದಾಗ ಅದೇ ಪ್ಯಾನೆಲ್ 51 ವೋಲ್ಟ್ ದಾಟುತ್ತದೆ. 60 ವೋಲ್ಟ್ ತಾಳುವ ಮೈಕ್ರೋಇನ್ವರ್ಟರ್‌ಗೆ ಇದು ಲೆಕ್ಕಕ್ಕಿಲ್ಲ. 48 ವೋಲ್ಟ್ ಮಿತಿಯ ಹಳೇ ಮಾದರಿಯನ್ನು ಯಾರಾದರೂ ಅಗ್ಗಕ್ಕೆ ತಂದು ಜೋಡಿಸಿದರೆ ಅದು ಸುಟ್ಟುಹೋಗಬಹುದು, ವಾರಂಟಿಯೂ ಕೈಬಿಡುತ್ತದೆ.

ವ್ಯಾಟ್ ಹೆಚ್ಚಾದರೆ ಅಷ್ಟು ಹೆದರಬೇಕಿಲ್ಲ. ಇನ್ವರ್ಟರ್ ತನ್ನ ಶಕ್ತಿಗೆ ತಕ್ಕಷ್ಟೇ ಎಳೆದುಕೊಳ್ಳುತ್ತದೆ, ಮಿಕ್ಕಿದ್ದು ನಷ್ಟ. ಐಎಸ್‌ಸಿ ವಿಷಯ ಬೇರೆ. ಇನ್ವರ್ಟರ್ ಒಳಗೇ ಶಾರ್ಟ್ ಆದರೆ ಪ್ಯಾನೆಲ್ಲಿನ ಪೂರ್ತಿ ಕರೆಂಟು ಅಲ್ಲಿಗೇ ನುಗ್ಗುತ್ತದೆ. ಅದಕ್ಕೇ ಇನ್ವರ್ಟರ್ ಡೇಟಾಶೀಟ್‌ನಲ್ಲಿ ಗರಿಷ್ಠ ಶಾರ್ಟ್ ಸರ್ಕ್ಯೂಟ್ ಕರೆಂಟ್ ಎಂದು ಪ್ರತ್ಯೇಕವಾಗಿ ಬರೆದಿರುತ್ತಾರೆ. 210 ಮಿಲಿಮೀಟರ್ ಸೆಲ್‌ಗಳ 600 ವ್ಯಾಟ್ ಪ್ಯಾನೆಲ್‌ಗಳಲ್ಲಿ ಐಎಸ್‌ಸಿ 18 ಆಂಪಿಯರ್ ಮೀರುತ್ತದೆ. 15ರ ಮಿತಿಯ ಇನ್ವರ್ಟರ್‌ಗೆ ಅವು ಸಲ್ಲವು. ಎರಡೂ ಬದಿಯಿಂದ ಬೆಳಕು ಹೀರುವ ಬೈಫೇಶಿಯಲ್ ಪ್ಯಾನೆಲ್ಲಾದರೆ ಇನ್ನಷ್ಟು ಅಂತರ ಬಿಡಿ. ಸೆಕೆ ತಾಳಲಾರದೆ ತಾರಸಿಗೆ ಬಿಳಿ ಬಣ್ಣ ಬಳಿಸಿದ್ದರಂತೂ ಕೆಳಗಿಂದ ಪುಟಿಯುವ ಬೆಳಕೂ ಕರೆಂಟಾಗುತ್ತದೆ!

ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ಗಳನ್ನೂ ಗಮನಿಸಿ. ಬೇರೆ ಬೇರೆ ಕಂಪನಿಯವು ಕ್ಲಿಕ್ ಎಂದು ಕೂತರೂ ಒಳಗಿನ ಸಂಪರ್ಕ ಬಿಗಿಯಾಗಿರುವುದಿಲ್ಲ. ಅಲ್ಲಿ ಬಿಸಿ ಏರಿ ಬೆಂಕಿ ಹೊತ್ತಿಕೊಂಡದ್ದುಂಟು.

ಹಾಗಾಗಿ ಕೊಟೇಶನ್ ಜೊತೆಗೆ ಪ್ಯಾನೆಲ್ ಮತ್ತು ಮೈಕ್ರೋಇನ್ವರ್ಟರ್ ಎರಡರ ಡೇಟಾಶೀಟ್ ಕೇಳಿ ಪಡೆಯಿರಿ. ಎರಡೂ ಹೊಂದುತ್ತವೆ ಎಂದು ಗುತ್ತಿಗೆದಾರರಿಂದ ಬರೆಸಿಕೊಂಡ ಮೇಲೇ ಮುಂಗಡ ಕೊಡಿ. ಸಾಮಾನು ಬಂದ ದಿನ, ಬೋಲ್ಟ್ ಬಿಗಿಯುವ ಮುಂಚೆ, ಪ್ರತಿ ಲೇಬಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಅದು ತಾರಸಿಗೆ ಮುಖಮಾಡಿರುತ್ತದೆ, ಓದಬೇಕೆಂದರೆ ಪ್ಯಾನೆಲ್ಲನ್ನೇ ಬಿಚ್ಚಬೇಕಾದೀತು.