ನಾಯಿ ಬೆಕ್ಕುಗಳ ಹಗೆತನ ಹುಟ್ಟುಗುಣವೇ?

ಧಾರವಾಡದ ನಮ್ಮ ಓಣಿಯಲ್ಲಿ, ಮೊದಲೇ ಬೆಕ್ಕಿದ್ದ ಮನೆಯೊಂದಕ್ಕೆ ಕಳೆದ ಮಳೆಗಾಲದಲ್ಲಿ ನಾಯಿಮರಿಯೊಂದು ಬಂದಿತು. ಮೊದಲ ದಿನವೇ ಮಕ್ಕಳು ಎರಡನ್ನೂ ಎತ್ತಿ ಎದುರುಬದುರು ಹಿಡಿದರು. ಬೆಕ್ಕು ಮರಿಯ ಮೂಗನ್ನು ಪರಚಿತು. ‘ಇವುಗಳ ಹಗೆ ಹುಟ್ಟಿನಿಂದಲೇ ಬಂದದ್ದು’ ಎಂದು ಹಿರಿಯರು ತೀರ್ಪಿತ್ತರು. ನಾಲ್ಕನೆಯ ದಿನ ಮರಿಯು ಬೀದಿಪಾಲಾಯಿತು. ಈ ತೀರ್ಪನ್ನು ನಾನು ಒಪ್ಪಲಾರೆ. ಪ್ರಯೋಗವನ್ನು ಕೆಡಿಸಿಕೊಂಡು, ಬಂದ ಫಲವನ್ನೇ ನಿಯಮವೆಂದು ಬರೆಯುವ ವಿದ್ಯಾರ್ಥಿಯನ್ನು ನಾವು ಪ್ರಯೋಗಶಾಲೆಯಲ್ಲಿ ತಿದ್ದುವುದಿಲ್ಲವೇ?

ನಿತ್ಯವೈರಕ್ಕೆ ಸಂಸ್ಕೃತ ವೈಯಾಕರಣರು ಕೊಟ್ಟ ಉದಾಹರಣೆಗಳಲ್ಲಿ ಬೆಕ್ಕು ಇಲಿಗಳ ಜೋಡಿಯೂ ಒಂದು. ಈ ವೈರವನ್ನೇ ಚೀನದ ಮನೋವಿಜ್ಞಾನಿ ಕುವೊ ಅವರು ಪರೀಕ್ಷೆಗೆ ಒಡ್ಡಿ, 1930ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಾಯಿಯು ಇಲಿ ಕೊಲ್ಲುವುದನ್ನು ನೋಡುತ್ತ ಬೆಳೆದ 21 ಬೆಕ್ಕಿನ ಮರಿಗಳಲ್ಲಿ 18 ಮರಿಗಳು ಇಲಿಯನ್ನು ಕೊಂದವು. ಒಂಟಿಯಾಗಿ ಬೆಳೆದ 20ರಲ್ಲಿ 9 ಕೊಂದವು. ಇಲಿಯ ಜೊತೆಯಲ್ಲಿಯೇ ಬೆಳೆದ 18ರಲ್ಲಿ ಕೊಂದವು 3 ಮಾತ್ರ. ಹುಟ್ಟುಗುಣವೇ ಸರ್ವಸ್ವವಾಗಿದ್ದರೆ ಈ ಸಂಖ್ಯೆಗಳಲ್ಲಿ ಇಷ್ಟು ಅಂತರವಿರುತ್ತಿರಲಿಲ್ಲ.

ನಾಯಿಮರಿಯ ವಿಷಯವೂ ಹೀಗೆಯೇ. ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಅದು ಪರಿಚಯಿಸಿಕೊಂಡ ಜೀವಿಗಳನ್ನು ಸುಲಭವಾಗಿ ತನ್ನವರೆಂದು ಎಣಿಸುತ್ತದೆಯೆಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಅವರು 1965ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಬೆಕ್ಕು ಮೊದಲೇ ಇದ್ದ ಮನೆಗೆ ನಾಯಿಯು ಎಳೆಯದಾಗಿ ಬಂದರೆ ಸ್ನೇಹ ಬೆಳೆಯುವ ಸಂಭವ ಹೆಚ್ಚೆಂದು ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತಿಳಿಸಿದರು. ನಮ್ಮ ಓಣಿಯ ಆ ಮನೆಯಲ್ಲಿ ಈ ಎರಡು ಅನುಕೂಲಗಳೂ ಇದ್ದವು; ಇಲ್ಲದಿದ್ದುದು ತಾಳ್ಮೆಯೊಂದೇ.

ಹಾಗಾದರೆ ಮಾಡಬೇಕಾದುದೇನು? ಮೊದಲ ಕೆಲವು ದಿನ ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿಡಬೇಕು. ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿ ಹಾಕಬೇಕು. ಕಣ್ಣಿಗೆ ಬೀಳುವ ಮೊದಲೇ ವಾಸನೆಯ ಅಣುಗಳು ಪರಿಚಯ ಮಾಡಿಕೊಡುತ್ತವೆ. ಅನಂತರ ಮರಿಗೆ ಹಗ್ಗ ಕಟ್ಟಿ ಪಡಸಾಲೆಯ ಒಂದು ತುದಿಯಲ್ಲಿ ಕೂರಿಸಿ, ದೂರದಿಂದ ತೋರಿಸಬೇಕು. ಅದು ಶಾಂತವಾಗಿದ್ದಾಗ ತಿನಿಸು ಕೊಡಬೇಕು. ಬೆಕ್ಕಿಗೆ ಅಟ್ಟವನ್ನೋ ಕಪಾಟನ್ನೋ ಏರಿ ಪಾರಾಗುವ ದಾರಿ ಸದಾ ತೆರೆದಿರಬೇಕು. ದೂರವನ್ನು ದಿನದಿನವೂ ತುಸುತುಸುವೇ ಕಡಿಮೆಮಾಡಬೇಕು.

ಹುಟ್ಟುಗುಣವು ಏನೂ ಅಲ್ಲವೆಂದು ನನ್ನ ವಾದವಲ್ಲ. ನಮ್ಮ ಮುಧೋಳ ನಾಯಿಯು ಓಡುವ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವ ತಳಿ. ಅಂಥ ಮರಿಗೆ ಹೆಚ್ಚು ಕಾಲ, ಹೆಚ್ಚು ಎಚ್ಚರ ಬೇಕು. ಕೆಲವು ಜೋಡಿಗಳು ಕೊನೆಗೂ ಒಲಿಯದಿರಬಹುದು. ಆದರೆ ಅದನ್ನು ನಿರ್ಣಯಿಸಬೇಕಾದುದು ಕೆಲವು ವಾರಗಳ ಪ್ರಯತ್ನದಿಂದ, ಗಾದೆಯ ಬಲದಿಂದಲ್ಲ. ಅವಸರದ ತೀರ್ಪಿನ ದಂಡವನ್ನು ತೆರುವುದು ಬೀದಿಗೆ ಬಿದ್ದ ಮರಿಯಲ್ಲವೇ?